ಒಳಮುಖದ ಮಾಲೆ

"ಬಾಗಿಲು ಮುಂದೆ ಮಾಡಿಕೊಂಡು ಹೋಗಿ, ಬೆಕ್ಕು ಬರ್ತದೆ."

ನನ್ನ ಹೆಂಡತಿ ಸಾತವ್ವ ನನಗೆ ಆಡಿದ ಕೊನೆಯ ಮಾತು ಅದು. ಬಾಗಿಲು ಮುಂದೆ ಮಾಡಿಕೊಂಡು ಅರಮನೆಗೆ ಹೂವು ಕೊಡಲು ಹೋದೆ. ತಿರುಗಿ ಬಂದೆ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕರೆದೆ. ಏಳಲಿಲ್ಲ. ಜ್ವರ ಇತ್ತು, ನಿಜ. ಜ್ವರ ಎಲ್ಲರಿಗೂ ಬರುತ್ತದೆ ಅಂದುಕೊಂಡಿದ್ದೆ.

ಅವಳನ್ನು ಮಣ್ಣು ಮಾಡಿ, ಸೂತಕ ಕಳೆದು, ನಾನು ಮತ್ತೆ ಕೆಲಸಕ್ಕೆ ಕೂತ ದಿನವೇ ಪ್ರಧಾನ ದೇಪರಸಯ್ಯನವರು ದುರ್ಗ ಬಿಟ್ಟು ಹೊರಟರು. ಆ ದಿನ ನಡೆದದ್ದನ್ನು ಹೇಳುತ್ತೇನೆ.

ಕರಿಗಲ್ಲುದುರ್ಗವನ್ನು ಕಾಣದವರಿಗೆ ಮೊದಲು ಊರು ತಿಳಿಯಬೇಕು. ಆನೆಗಳು ಒಂದರ ಮೈಗೆ ಒಂದು ಒರಗಿ ಮಲಗಿದಂತಿರುವ ಕರಿಯ ಬಂಡೆಗಳು, ಬಂಡೆಗಳ ನಡುವೆ ಸುತ್ತುಸುತ್ತಾಗಿ ಏರುವ ಕೋಟೆ, ಶಿಖರದಲ್ಲಿ ಕಸ್ತೂರಿ ಬೊಮ್ಮ ನಾಯಕ ಮಹಾಸ್ವಾಮಿಯವರ ಅರಮನೆ, ಪಾದದಲ್ಲಿ ಪೇಟೆ. ಬೆಳಗಾದರೆ ಮೇಲೆ ನಗಾರಿ, ಕೆಳಗೆ ಗಾಣದ ಕಿರುಗುಟ್ಟು. ಬಿಸಿಲೇರಿದರೆ ಬಂಡೆ ಕಾದು, ಊರೆಲ್ಲ ಒಲೆಯ ಮುಂದೆ ಕೂತ ಹಾಗೆ. ಅಂಥ ಊರಿನಲ್ಲೂ ಮನೆಮನೆಯ ಹಿತ್ತಿಲಲ್ಲಿ ಹೂವು ಅರಳುತ್ತಿತ್ತು. ಬಂಡೆಯ ಮೇಲೆ ಬಿದ್ದ ಮಳೆಯ ನೀರನ್ನು ಪೋಲಾಗಲು ಬಿಡದೆ, ಕಲ್ಲುಕಾಲುವೆಯಲ್ಲಿ ಹೊಂಡದಿಂದ ಹೊಂಡಕ್ಕೆ ಇಳಿಸಿ ಪೇಟೆಯ ಬಾಗಿಲಿಗೆ ತಂದವರು ದೇಪರಸಯ್ಯನವರು.

ದೊಡ್ಡ ನಾಯಕರು ತೀರಿದಾಗ ಈಗಿನ ಮಹಾಸ್ವಾಮಿಯವರಿಗೆ ಮೀಸೆ ಬಂದಿರಲಿಲ್ಲ. ಕೈಹಿಡಿದು ಪಟ್ಟಕ್ಕೆ ಕೂರಿಸಿದವರೂ ಪ್ರಧಾನರೇ. ಆಮೇಲೆ ಮಹಾಸ್ವಾಮಿಯವರಿಗೆ ಮದುವೆಯಾಯಿತು. ರಾಣಿಯವರ ಅಣ್ಣ ಮುದ್ದಲಿಂಗ ನಾಯಕರು ದಳವಾಯಿಗಳಾಗಿ ಬಂದರು. "ಪೇಟೆಯ ಜನ ಮೊದಲು ಪ್ರಧಾನರಿಗೆ ಕೈಮುಗಿಯುತ್ತಾರೆ, ಆಮೇಲೆ ತಮಗೆ" ಎಂದು ದಿನಾ ಕಿವಿಯಲ್ಲಿ ಊದಿದರು. ಊದಿ ಊದಿ ಕೆಂಡವಾಯಿತು. "ವಯಸ್ಸಾಯಿತು, ಸ್ವಗ್ರಾಮದಲ್ಲಿ ವಿಶ್ರಮಿಸಿರಿ" ಎಂದು ಪ್ರಧಾನರಿಗೆ ಅಪ್ಪಣೆಯಾಯಿತು.

ಆ ದಿನ ಬೆಳಿಗ್ಗೆ ತುಂಬಿದ ಓಲಗದಲ್ಲಿ, ಮಹಾಸ್ವಾಮಿಯವರ ಮುಂದೆ, ಪ್ರಧಾನರು ಬೆರಳಿನ ಮುದ್ರೆಯುಂಗುರ ಬಿಚ್ಚಿ ದಳವಾಯಿಗಳ ಅಂಗೈಯಲ್ಲಿ ಇಟ್ಟರು. ಎಲ್ಲರೂ ನೋಡಿದರು. ಓಲಗಕ್ಕೆ ಬಿಡಿಹೂವು ಒಯ್ದಿದ್ದ ನಾನೂ ನೋಡಿದೆ.

ದುರ್ಗದಲ್ಲಿ ಒಂದು ರೂಢಿ. ಪದವಿ ಬಿಟ್ಟು ಊರಿನಿಂದ ಹೊರಡುವ ದೊಡ್ಡವರಿಗೆ ಅರಮನೆಯವರು ಶಾಲು ಹೊದಿಸಬಹುದು, ಕುದುರೆ ಕೊಡಬಹುದು. ಹೂವು ಮಾತ್ರ ಊರಿನದು. ಕೊಂಡ ಹೂವು ಆಗದು, ಅರಮನೆ ತೋಟದ್ದೂ ಆಗದು. ತಮ್ಮ ತಮ್ಮ ಹಿತ್ತಿಲಲ್ಲಿ ಏನು ಅರಳಿದೆಯೋ ಅದನ್ನು ಜನ ತಂದು ಕೊಡಬೇಕು. ಎಲ್ಲವನ್ನೂ ಸೇರಿಸಿ ಅರಮನೆಯ ಹೂವಾಡಿಗ ಒಂದೇ ಮಾಲೆ ಕಟ್ಟಬೇಕು. ಆ ಹೂವಾಡಿಗ ನಾನು, ಗುಡ್ಡಯ್ಯ.

ಹೆಬ್ಬಾಗಿಲ ಮಂಟಪದಲ್ಲಿ ಬುಟ್ಟಿ ಇಟ್ಟುಕೊಂಡು ಕೂತೆ. ಜನ ಬಂದರು. ಸಂಪಿಗೆ ಬಂತು, ಸೇವಂತಿಗೆ ಬಂತು, ಕಣಗಿಲೆ ಬಂತು. ಕ್ಷೌರದ ಸಿದ್ದ ಒಂದು ದಾಸವಾಳ ಹಿಡಿದು ಬಂದ.

"ಊರ ತಲೆಯೆಲ್ಲ ಬೋಳಿಸ್ತೀಯ, ತಂದದ್ದು ಒಂದು ಹೂವಾ?" ಎಂದಳು ಗಾಣಿಗರ ದುಗ್ಗವ್ವಜ್ಜಿ.

"ಗಿಡದಲ್ಲಿ ಇದ್ದದ್ದೇ ಒಂದು ಕಣಜ್ಜಿ. ಗಿಡಾನೂ ಬೋಳಿಸಿ ತಂದಿದೀನಿ" ಎಂದ ಸಿದ್ದ.

ಅಜ್ಜಿ ಪೇಟೆಗೆಲ್ಲ ಹಿರಿಯಳು. ಸೆರಗಿನಲ್ಲಿ ತುಂಬೆಹೂವು ಕಟ್ಟಿಕೊಂಡು ಬಂದಿದ್ದಳು. "ಶಿವನಿಗೆ ಆಗ್ತದೆ, ಪ್ರಧಾನರಿಗೆ ಆಗಲ್ವಾ?" ಎಂದು ಸುರಿದಳು. ಸೂತಕಕ್ಕೆ ಬೋಳಿಸಿದ್ದ ನನ್ನ ತಲೆಯ ಕಡೆ ನೋಡಿದಳು. "ಉಂಡೆಯೇನ್ಲಾ?" ಎಂದಳು. ಉಂಡೆ ಎಂದೆ. ಉಂಡಿರಲಿಲ್ಲ.

ಬುಟ್ಟಿಗಳು ತುಂಬಿದವು. ಬಿಸಿಲಿಗೆ ಹೂವು ಬಾಡಬಾರದೆಂದು ಮಂಟಪದ ಹಿಂದಿನ ಕೋಣೆಗೆ ಒಯ್ದು ನೀರು ಚಿಮುಕಿಸಿದೆ. ಜನ ಚದುರಿದರು. ಆಗ ದಳವಾಯಿ ಮುದ್ದಲಿಂಗ ನಾಯಕರು ಒಳಗೆ ಬಂದರು. ಬಾಗಿಲಲ್ಲಿ ಒಬ್ಬ ಬಂಟನನ್ನು ನಿಲ್ಲಿಸಿದರು.

"ಗುಡ್ಡಯ್ಯ, ಹೆಂಡತಿ ತೀರಿಕೊಂಡಳಂತೆ."

"ಹೌದು ಬುದ್ಧೀ."

"ಪಾಪ" ಎಂದರು. ಅದು ಅಲ್ಲಿಗೆ ಮುಗಿಯಿತು.

ಅಂಗೈ ಬಿಚ್ಚಿದರು. ಮುದ್ರೆಯುಂಗುರ.

"ಇದು ಮಾಲೆಯ ಒಳಗೆ ಇರಬೇಕು. ಕೆಳಗಿನ ಗೊಂಡೆಯಲ್ಲಿ, ಹೊರಗೆ ಕಾಣದ ಹಾಗೆ. ಸಂಜೆ ಪ್ರಧಾನರು ಮಾಲೆ ಹಾಕಿಕೊಂಡು ಹೆಬ್ಬಾಗಿಲು ದಾಟುವಾಗ, ಇವರು ಬೆಳಿಗ್ಗೆ ಕೊಟ್ಟದ್ದು ಹಿತ್ತಾಳೆಯ ಉಂಗುರ ಎಂದು ನಾನು ಕೂಗುತ್ತೇನೆ. ಶೋಧ ಆಗುತ್ತದೆ. ನಿಜವಾದದ್ದು ಅವರ ಎದೆಯ ಮೇಲೆ ಸಿಗುತ್ತದೆ."

"ಅವರು ಹೇಗೂ ಹೋಗುತ್ತಿದ್ದಾರಲ್ಲ ಬುದ್ಧೀ."

"ಹೋದವರು ತಿರುಗಿ ಬರಬಹುದು. ಮಹಾಸ್ವಾಮಿಯವರ ಮನಸ್ಸು ಎಳೆಯದು, ನಾಳೆಯೇ ಕರೆಸಿಕೊಂಡಾರು. ಕಳ್ಳನನ್ನು ಯಾರೂ ಕರೆಸಿಕೊಳ್ಳುವುದಿಲ್ಲ."

"ಮುದ್ರೆ ಕದ್ದವರನ್ನು ಬಂಡೆಯಿಂದ ನೂಕುತ್ತಾರೆ ಬುದ್ಧೀ."

"ಕಟ್ಟಳೆ ನಾನು ಮಾಡಿದ್ದಲ್ಲ" ಎಂದು ನಕ್ಕರು. "ಕಟ್ಟು. ಕಟ್ಟದಿದ್ದರೆ, ಬಾಯಿಬಿಟ್ಟರೆ, ಆ ಕೈ ನಿನಗೆ ಉಳಿಯುವುದಿಲ್ಲ."

ನನ್ನ ಕೈ ನೋಡಿಕೊಂಡೆ. ಹೆದರಿಕೆ ಬರಬೇಕಿತ್ತು. ಬರುತ್ತದೇನೋ ಎಂದು ಕಾದೆ. ಬರಲಿಲ್ಲ. ನಾನು ಒಲ್ಲೆ ಎಂದರೆ ಇನ್ನೊಬ್ಬನ ಕೈಯಲ್ಲಿ ಕಟ್ಟಿಸುತ್ತಾರೆ, ಅದು ಗೊತ್ತಿತ್ತು. ಉಂಗುರ ಇಸಕೊಂಡೆ. ದಳವಾಯಿಗಳು ಹೋದರು. ಬಂಟ ಬಾಗಿಲಲ್ಲೇ ನಿಂತ.

ಸಾತವ್ವನನ್ನು ಒಯ್ದ ದಿನ ದೇಪರಸಯ್ಯನವರು ನಮ್ಮ ಕೇರಿಗೆ ನಡೆದು ಬಂದಿದ್ದರು. ಪಲ್ಲಕ್ಕಿ ಇಲ್ಲ, ಛತ್ರಿ ಹಿಡಿಯುವವನಿಲ್ಲ. ಎಲ್ಲರ ಹಿಂದೆ ನಡೆದರು. ಒಂದು ಹಿಡಿ ಮಣ್ಣು ಹಾಕಿದರು. ಕೈ ಕೊಡವಿಕೊಂಡು ಹೋದರು. ಬಾಳೆನಾರು ನೆನೆಹಾಕುತ್ತ ಅದು ನೆನಪಾಯಿತು. ಹೂವು ತೊಡೆಯ ಮೇಲೆ ಸುರಿದುಕೊಂಡೆ. ಕಟ್ಟಲು ಶುರುಮಾಡಿದೆ.

ನಮ್ಮ ದುರ್ಗದಲ್ಲಿ ಮಾಲೆ ಕಟ್ಟುವ ರೀತಿ ಎರಡು. ಬದುಕಿದವರಿಗೆ ಕಟ್ಟುವಾಗ ಹೂವಿನ ಮುಖವೆಲ್ಲ ಹೊರಗೆ. ಸತ್ತವರಿಗೆ ಕಟ್ಟುವಾಗ ಒಳಗೆ, ಎದೆಯ ಕಡೆಗೆ. ಮಗು ಕೂಡ ನೋಡಿ ಹೇಳುತ್ತದೆ. ಹೆಣದ ಮಾಲೆ ತಪ್ಪಿ ಬದುಕಿದವರ ಮುಂದೆ ಬಂದರೆ ಅದನ್ನು ವಾಪಸು ಒಯ್ಯುವ ಹಾಗಿಲ್ಲ. ಬಂದ ಜಾಗದಲ್ಲೇ ಹರಿದು ಹಾಕಬೇಕು.

ಅದಕ್ಕೆ ಮುಂಚೆ ನಾನು ಕಟ್ಟಿದ ಕೊನೆಯ ಮಾಲೆ ಸಾತವ್ವನದು.

ಕಣಗಿಲೆ ಇಟ್ಟೆ, ತುಂಬೆ ಇಟ್ಟೆ, ಸಂಪಿಗೆ ಇಟ್ಟೆ. ನಾರು ಸುತ್ತಿದೆ, ಗಂಟು ಹಾಕಿದೆ. ಕೈ ತನ್ನ ಪಾಡಿಗೆ ಓಡಿತು. ಗೊಂಡೆ ಬಂದಾಗ ಸೇವಂತಿಗೆಯ ನಡುವೆ ಉಂಗುರ ಸೇರಿಸಿ ಬಿಗಿದೆ. ಬಾಳೆಎಲೆಯಲ್ಲಿ ಸುತ್ತಿ ಇಟ್ಟೆ. ಬಂಟ ಇಣುಕಿ ನೋಡಿದ. ಉಂಗುರ ಒಳಗೆ ಹೋದದ್ದನ್ನು ಅವನು ನೋಡಿದ. ಮಿಕ್ಕದ್ದು ನೋಡಲಿಲ್ಲ. ಅವನು ಬೇರೆ ಸೀಮೆಯವನು.

ಬಿಸಿಲು ಇಳಿಯಿತು. ಹೆಬ್ಬಾಗಿಲ ಮುಂದೆ ಊರೇ ನೆರೆಯಿತು. ಮಹಾಸ್ವಾಮಿಯವರು ಮೆಟ್ಟಿಲ ಮೇಲೆ ಬಂದು ನಿಂತರು, ಎಡಕ್ಕೆ ದಳವಾಯಿಗಳು. ದೇಪರಸಯ್ಯನವರು ಬಿಳಿಯ ಪಂಚೆ, ಬಿಳಿಯ ಉತ್ತರೀಯದಲ್ಲಿ ಬರಿಗಾಲಲ್ಲಿ ಇಳಿದು ಬಂದರು.

"ಪ್ರಧಾನರೇ, ನೀವು ಈ ಸಂಸ್ಥಾನಕ್ಕೆ ಸಲ್ಲಿಸಿದ ಸೇವೆಯನ್ನು ನಾವು ಮರೆತಿಲ್ಲ" ಎಂದರು ಮಹಾಸ್ವಾಮಿಯವರು. ಯಾರೋ ಕಲಿಸಿಕೊಟ್ಟ ಮಾತಿನಂತಿತ್ತು. ಪ್ರಧಾನರ ಮುಖ ನೋಡಲಿಲ್ಲ.

"ಅಪ್ಪಣೆಯಂತೆ ನಡೆದೆ, ಅಪ್ಪಣೆಯಂತೆ ಹೋಗುತ್ತೇನೆ ಮಹಾಸ್ವಾಮಿ" ಎಂದರು ಪ್ರಧಾನರು.

ಮಾಲೆ ಹಾಕುವುದು ಪೇಟೆಯ ಹಿರಿಯ ಹೆಂಗಸು. ಎಲೆಯ ಸುತ್ತನ್ನು ನಾನು ದುಗ್ಗವ್ವಜ್ಜಿಯ ಕೈಗೆ ಕೊಟ್ಟೆ. ಅವಳು ಎಲೆ ಬಿಚ್ಚಿದಳು. ಎತ್ತಿದಳು. ಕೈ ಅರ್ಧದಲ್ಲೇ ನಿಂತಿತು.

"ಅಯ್ಯೋ ನನ್ನ ಶಿವನೇ! ಇದೇನ್ಲಾ ಗುಡ್ಡಾ! ಕಣ್ಣೆದುರು ನಿಂತಿರೋ ಮನುಷ್ಯನಿಗೆ ಹೆಣದ ಮಾಲೆ ಕಟ್ಟೀಯಲ್ಲೋ!"

ಜನ ಹೋ ಎಂದರು. ನಾನು ಮಾಲೆ ನೋಡಿದೆ. ಹೂವಿನ ಮುಖವೆಲ್ಲ ಒಳಗಿತ್ತು.

"ಹರಿ! ಹರಿ ಅದನ್ನ!" ಎಂದು ಹೆಂಗಸರು ಮುನ್ನುಗ್ಗಿದರು.

"ನಿಲ್ಲಿಸಿ!" ಎಂದರು ದಳವಾಯಿಗಳು. "ಹರಿಯಕೂಡದು! ಇರುವ ಹಾಗೇ ಹಾಕಿ!"

ಅಜ್ಜಿ ತಿರುಗಿದಳು. "ತಾವು ದಂಡಿಗೆ ದಳವಾಯಿ ಬುದ್ಧೀ, ಹೂವಿಗಲ್ಲ" ಎಂದಳು. ಎರಡೂ ಕೈಯಲ್ಲಿ ಹಿಡಿದು ಹರಿದಳು. ಹೂವು ಚೆಲ್ಲಿತು. ಗೊಂಡೆ ಒಡೆಯಿತು. ಕಲ್ಲಿನ ಮೇಲೆ ಠಣ್ ಎಂದು ಒಂದು ಸದ್ದು. ಉಂಗುರ ಉರುಳಿ ಮೆಟ್ಟಿಲ ಬುಡದಲ್ಲಿ ಮಲಗಿತು.

ಮಹಾಸ್ವಾಮಿಯವರು ಇಳಿದು ಬಂದು ತಾವೇ ಬಗ್ಗಿ ಎತ್ತಿಕೊಂಡರು. ತಿರುಗಿಸಿ ನೋಡಿದರು.

"ರಾಜಮುದ್ರೆ. ಬೆಳಿಗ್ಗೆ ಇದು ನಿಮ್ಮ ಅಂಗೈಯಲ್ಲಿತ್ತಲ್ಲ, ಭಾವನವರೇ?"

"ಮಹಾಸ್ವಾಮಿ, ಬೆಳಿಗ್ಗೆ ಪ್ರಧಾನರು ಕೊಟ್ಟದ್ದು ನಕಲಿ. ನಿಜವಾದದ್ದನ್ನು ಹೂವಿನಲ್ಲಿ ಸಾಗಿಸುವ ಸಂಚು. ಇಗೋ, ಹಿತ್ತಾಳೆಯದು" ಎಂದು ದಳವಾಯಿಗಳು ಸೊಂಟದಿಂದ ಒಂದು ಉಂಗುರ ತೆಗೆದರು.

"ನಕಲಿಯೆಂದು ತಿಳಿದವರು ಸಂಜೆಯವರೆಗೆ ಸೊಂಟದಲ್ಲಿ ಇಟ್ಟುಕೊಂಡದ್ದೇಕೆ?"

ದಳವಾಯಿಗಳು ಹಿತ್ತಾಳೆಯ ಉಂಗುರವನ್ನು ಮುಷ್ಟಿಯೊಳಗೆ ಮುಚ್ಚಿದರು.

"ಸಂಚಾದರೆ, ಮಾಲೆ ಹಾಗೇ ಹಾಕಿ ಎಂದು ಕೂಗಿದವರು ನೀವೇ ಅಲ್ಲವೇ?" ಮಹಾಸ್ವಾಮಿಯವರ ದನಿ ತಗ್ಗಿತು. ನನ್ನ ಕಡೆ ತಿರುಗಿದರು. "ಹೂವಾಡಿಗ. ಇದು ಮಾಲೆಯೊಳಗೆ ಹೇಗೆ ಬಂತು?"

"ದಳವಾಯಿಗಳು ಕೊಟ್ಟರು ಮಹಾಸ್ವಾಮಿ. ನಾನು ಕಟ್ಟಿದೆ."

"ಸುಳ್ಳು! ಹೂ ಮಾರುವವನ ಮಾತು!" ಎಂದರು ದಳವಾಯಿಗಳು. ಆದರೆ ಕೋಣೆಯ ಬಾಗಿಲು ಕಾದಿದ್ದ ಬಂಟ ಆಗಲೇ ಮೊಣಕಾಲೂರಿದ್ದ. ಬಂಡೆಯ ಕಡೆ ನೋಡುತ್ತ, "ನಾನು ಬರೀ ಕಾವಲು ಬುದ್ಧೀ, ನಾನು ಬರೀ ಕಾವಲು" ಎನ್ನುತ್ತಿದ್ದ.

ದಳವಾಯಿಗಳ ಸೊಂಟದ ಕತ್ತಿ ಕಳಚಲು ಅಪ್ಪಣೆಯಾಯಿತು. ಅವರನ್ನು ಮೇಲಿನ ಬುರುಜಿಗೆ ಕರೆದೊಯ್ದರು. ಜನ ಕೂಗಿದರು. ನನಗೆ ಕೂಗಬೇಕೆನಿಸಲಿಲ್ಲ.

"ಗುಡ್ಡಯ್ಯ" ಎಂದರು ಮಹಾಸ್ವಾಮಿಯವರು. "ಮಾಲೆಯನ್ನು ಕೈತಪ್ಪಿ ಹಾಗೆ ಕಟ್ಟಿದೆಯೋ, ಹರಿಯಲಿ ಎಂದು ತಿಳಿದೇ ಕಟ್ಟಿದೆಯೋ?"

ಯೋಚಿಸಿದೆ.

"ಗೊತ್ತಿಲ್ಲ ಮಹಾಸ್ವಾಮಿ."

ತಿಳಿದೇ ಕಟ್ಟಿದೆ ಎಂದಿದ್ದರೆ ಅಂದು ಶಾಲು ಸಿಗುತ್ತಿತ್ತು ಎಂದು ಜನ ಈಗಲೂ ಹೇಳುತ್ತಾರೆ. ಸಿಗುತ್ತಿತ್ತೇನೋ. ಗೊತ್ತಿಲ್ಲದ್ದನ್ನು ಹೇಗೆ ಹೇಳಲಿ?

ಮಹಾಸ್ವಾಮಿಯವರು ನನ್ನ ಕೈ ನೋಡಿದರು. "ರಾಜಮುದ್ರೆಯನ್ನು ಬಚ್ಚಿಟ್ಟ ಕೈ ಇದು. ಬದುಕಿದವರಿಗೆ ಹೆಣದ ಮಾಲೆ ಕಟ್ಟಿದ ಕೈ. ಪ್ರಧಾನರ ಪ್ರಾಣವೂ ಮಾನವೂ ಇದರಿಂದಲೇ ಉಳಿದವು, ಆದುದರಿಂದ ಕೈ ಇರಲಿ. ಇನ್ನು ಮೇಲೆ ಅರಮನೆಗೆ, ದೇವಾಲಯಕ್ಕೆ, ಶುಭಕಾರ್ಯಕ್ಕೆ ನೀನು ಕಟ್ಟಕೂಡದು. ಸತ್ತವರಿಗೆ ಕಟ್ಟು."

ದೇಪರಸಯ್ಯನವರು ಏನೋ ಹೇಳಲು ಬಾಯಿ ತೆರೆದರು. ನಾನು ಬೇಡವೆಂದು ತಲೆಯಾಡಿಸಿದೆ. ಮೂರು ತಲೆಮಾರಿನಿಂದ ನಮ್ಮ ಮನೆಯಲ್ಲಿದ್ದ ಅರಮನೆಯ ಹೂವಿನ ಕೆಲಸ ಅಲ್ಲಿಗೆ ಮುಗಿಯಿತು. ಆದೀತು ಎಂದೆ.

ಮಹಾಸ್ವಾಮಿಯವರು ಉಂಗುರ ಹಿಡಿದ ಕೈಯನ್ನು ಪ್ರಧಾನರ ಮುಂದೆ ಚಾಚಿದರು. ಕಣ್ಣಲ್ಲಿ ನೀರಿತ್ತು. "ತೊಟ್ಟುಕೊಳ್ಳಿ. ಹೋಗಬೇಡಿ."

"ನನ್ನ ಹೆಸರು ನನ್ನ ಜೊತೆ ಬರುತ್ತಿದೆ ಮಹಾಸ್ವಾಮಿ, ನನಗಷ್ಟು ಸಾಕು. ಉಂಗುರವನ್ನು ಯೋಗ್ಯರು ಯಾರಿಗಾದರೂ ಕೊಡಿ. ಕಿವಿಯನ್ನು ಮಾತ್ರ ತಮ್ಮಲ್ಲೇ ಇಟ್ಟುಕೊಳ್ಳಿ" ಎಂದರು ಪ್ರಧಾನರು. ಕೈಮುಗಿದರು.

ಈಗ ಮಾಲೆಯಿಲ್ಲ. ಹೂವೆಲ್ಲ ಕಲ್ಲಿನ ಮೇಲೆ. ಹೋಗುವವರ ದಾರಿಗೆ ಎರಚೋಣವೆಂದರೆ ಅದೂ ಹೆಣಕ್ಕೆ ಮಾಡುವುದು. ಜನ ಏನು ಮಾಡಬೇಕೆಂದು ತಿಳಿಯದೆ ನಿಂತರು. ದೇಪರಸಯ್ಯನವರೇ ಉತ್ತರೀಯ ತೆಗೆದು ಎರಡೂ ಕೈಯಲ್ಲಿ ಜೋಳಿಗೆಯಂತೆ ಹಿಡಿದರು. ಜನ ಒಬ್ಬೊಬ್ಬರಾಗಿ ಬಗ್ಗಿ ತಮ್ಮ ತಮ್ಮ ಹೂವು ಆರಿಸಿ ಅದರೊಳಗೆ ಹಾಕಿದರು. "ನನ್ನದೆಲ್ಲಿ, ನನ್ನದೆಲ್ಲಿ?" ಎಂದು ಸಿದ್ದ ದಾಸವಾಳಕ್ಕಾಗಿ ಕಾಲುಗಳ ನಡುವೆ ಹುಡುಕಿದ. ಅದು ತುಳಿದು ಹೋಗಿತ್ತು. ಹಾಗೇ ತಂದು ಹಾಕಿದ. ಪ್ರಧಾನರು ಅದಕ್ಕೂ ತಲೆಬಾಗಿದರು.

ನನ್ನ ಮುಂದೆ ಬಂದಾಗ ನಿಂತರು.

"ಗುಡ್ಡಯ್ಯ, ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ?"

"ನಾನೇ ಬುದ್ಧೀ."

"ಹ್ಞೂಂ" ಎಂದರು. ಬಾಗಿಲು ದಾಟಿ ಹೋದರು.

ಮರುದಿನ ಬೆಳಿಗ್ಗೆ ಕುಂಬಾರ ಕೇರಿಯಿಂದ ಕರೆ ಬಂತು. ಒಬ್ಬ ಮುದುಕಿ ತೀರಿಕೊಂಡಿದ್ದಳು. ನಾರು, ಬುಟ್ಟಿ ತೆಗೆದುಕೊಂಡು ಹೋದೆ. ಜಗುಲಿಯ ಮೇಲೆ ಅವಳ ಗಂಡ ಕೂತಿದ್ದ. ಪಕ್ಕದಲ್ಲಿ ಕೂತು ಕಟ್ಟತೊಡಗಿದೆ. ಅವನು ನೋಡುತ್ತಿದ್ದ.

"ಮುಖ ಯಾಕೆ ಒಳಗೆ ಇಡ್ತೀರಿ?" ಎಂದು ಕೇಳಿದ.

"ನಮ್ಮಪ್ಪ ಹಾಗೆ ಕಟ್ಟುತ್ತಿದ್ದ. ನೀನೂ ಒಂದು ಇಡು" ಎಂದೆ.

ಒಂದು ಸೇವಂತಿಗೆ ಆರಿಸಿದ. ಇಟ್ಟ. ಹೂವಿನ ಮುಖ ಹೊರಗಾಯಿತು. ನಾನು ತಿರುಗಿಸಲಿಲ್ಲ. ಹಾಗೇ ಗಂಟು ಹಾಕಿದೆ.