ನೆರಳಿನ ಕಡೆಯ ಕೆನ್ನೆ

"ಪೌಡರ್ ಒರಸ್ಕೊಂಡು ಬರ್ರಿ."

ಸಾವಿತ್ರಿಬಾಯಿ ಬೆಚ್ಚಿ ತಲೆಯೆತ್ತಿದಳು. ಸುರಪುರದ ರಂಗಂಪೇಟೆಯ ಆ ಪುಟ್ಟ ಸ್ಟುಡಿಯೋದಲ್ಲಿ ರೀಲ್ ಕ್ಯಾಮೆರಾ ಹಿಡಿದು ನಿಂತಿದ್ದ ಬುದ್ಧಪ್ರಿಯ ನಗುತ್ತಿರಲಿಲ್ಲ.

"ಗಂಡಿನವರಿಗಿ ಕಳಸೋ ಫೋಟೋ ಅದರಿ ಇದು!" ಎಂದಳು ಅವಳ ಅವ್ವ.

"ಅದಕ್ಕಽ ಹೇಳಿದೆ ಅವ್ವಾರ. ಮಾರಿಗಿ ಬೂದಿ ಹಚ್ಚಿದಂಗ ಕಾಣ್ತದ."

ಅವಳನ್ನು ಕಿಟಕಿಯ ಪಕ್ಕ ನಿಲ್ಲಿಸಿದ. ಅರ್ಧ ಮುಖಕ್ಕೆ ಬೆಳಕು, ಅರ್ಧಕ್ಕೆ ನೆರಳು. ಬೆಳಕು ಅಳೆಯುವ ಮೀಟರನ್ನು ನೆರಳಿನ ಕಡೆಯ ಕೆನ್ನೆಯ ಹತ್ತಿರ ಹಿಡಿದು, ಅವಳ ಮುಖವನ್ನೇ ನೋಡುತ್ತ ನಿಂತ. ಇಪ್ಪತ್ತರ ಆ ವಯಸ್ಸಿನಲ್ಲಿ ಅವಳನ್ನು ಅಷ್ಟು ಮೆಲ್ಲಗೆ ಯಾರೂ ನೋಡಿರಲಿಲ್ಲ!

ವಾರದ ನಂತರ ಫೋಟೋ ಬಂತು. ಮತ್ತೊಂದು ವಾರಕ್ಕೆ ಗಂಡಿನವರ ಉತ್ತರ.

'ಹುಡುಗಿ ಭಾಳ ಕಪ್ಪ ಅದಾಳ.'

ಅವ್ವ ಎರಡು ದಿನ ಉಣ್ಣಲಿಲ್ಲ. ಸಾವಿತ್ರಿ ಸ್ಟುಡಿಯೋಗೆ ನುಗ್ಗಿ ಫೋಟೋವನ್ನು ಅವನ ಮುಂದೆ ಎಸೆದಳು.

"ಎಲ್ಲಾರೂ ಬೆಳ್ಳಗ ತೆಗೀತಾರ. ನನ್ನ ಕರ್ರಗ ತೋರ್ಸಿ ನಿಮಗೇನು ಸಿಕ್ತು?"

ಅವನು ಬಗ್ಗಿ ಫೋಟೋ ಎತ್ತಿಕೊಂಡು ಅದರ ಧೂಳು ಒರೆಸಿದ. ಅವಳು ತಿರುಗಿ ನೋಡದೆ ಹೊರಟುಹೋದಳು.

ಹದಿನೆಂಟು ವರ್ಷ ಕಳೆದವು. ಸಾವಿತ್ರಿ ಈಗ ಶಹಾಪುರದ ಶಾಲೆಯೊಂದರಲ್ಲಿ ಟೀಚರ್. ಆಮೇಲೆ ಬಂದ ಸಂಬಂಧಗಳಿಗೆ ಫೋಟೋ ಕೊಡಲು ಅವಳು ಒಪ್ಪಲೇ ಇಲ್ಲ. ಆದರೂ ಸುರಪುರದ ಕಡೆ ಹೋದಾಗಲೆಲ್ಲ ಕಣ್ಣು ತಾನಾಗಿ ಆ ಸ್ಟುಡಿಯೋದ ಬಾಗಿಲು ಹುಡುಕುತ್ತಿತ್ತು. ಅದು ಎಂದೋ ಮುಚ್ಚಿತ್ತು.

ಆ ಶನಿವಾರ ಮಕ್ಕಳಿಗೆ ಹಳೆಯ ಕ್ಯಾಮೆರಾ ತೋರಿಸಲು ಯಾರೋ ಬಂದಿದ್ದರು. ಏಳನೇ ತರಗತಿಯ ಬಾಗಿಲಲ್ಲಿ ಅವಳ ಕಾಲು ನಿಂತುಬಿಟ್ಟಿತು. ಅದೇ ದನಿ! ಬುದ್ಧಪ್ರಿಯನ ಕಿವಿಯ ಬಳಿಯ ಕೂದಲು ಮಾತ್ರ ನರೆತಿತ್ತು.

"ಸರ್, ನಾ ಕರ್ರಗ ಅದೀನ್ರಿ. ಫೋಟೋದಾಗ ಬೆಳ್ಳಗ ಬರ್ತೇನೇನ್ರಿ?" ಮುಂದಿನ ಸಾಲಿನ ರಾಧಿಕಾ ಕೇಳಿದಳು.

"ನೀ ಇದ್ದಂಗ ಬರ್ತಿ, ತಾಯಿ. ಬೆಳಕಿಗಿ ಅಳತಿ ಹಿಡದ್ರ ನೆರಳಾಗಿನ ಕಣ್ಣು, ಕೂದಲು ಎಲ್ಲಾ ಬರೇ ಮಸಿ ಆಗ್ತಾವ. ರೀಲಿನಾಗ ಬರದಿದ್ದು ಆಮ್ಯಾಲ ಸಿಗಂಗಿಲ್ಲ. ಅದಕ್ಕಽ ನಾ ನೆರಳಿಗಿ ಅಳತಿ ಹಿಡಿತೇನಿ. ಪ್ರಿಂಟ್ ಹಾಕೋರಿಗಿ, ಬಣ್ಣ ತೊಳದು ಬೆಳ್ಳಗ ಮಾಡಬ್ಯಾಡ್ರಿ ಅಂತೇನಿ."

ಸಾವಿತ್ರಿಗೆ ಆ ಹಳೆಯ ಫೋಟೋ ನೆನಪಾಯಿತು. 'ಆ ಫೋಟೋದಲ್ಲಿ ನನ್ನ ಒಂದೊಂದು ರೆಪ್ಪೆಯೂ ಕಾಣುತ್ತಿತ್ತು... ಕೋಪದಲ್ಲಿ ಅದರ ಬೆಲೆ ನನಗೆ ತಿಳಿಯಲೇ ಇಲ್ಲವಲ್ಲ!'

ಗಂಟೆ ಹೊಡೆದು ಮಕ್ಕಳು ಹೋದ ಮೇಲೆ ಅವಳು ಒಳಗೆ ಬಂದಳು. ಅವನು ತಟ್ಟನೆ ಎದ್ದು ನಿಂತ.

"ಅವತ್ತ ಯಾಕ ಹೇಳ್ಲಿಲ್ರಿ?"

"ಹೇಳಿದ್ರ ಎಲ್ಲಾ ಹೇಳಬೇಕಿತ್ತು... ಯಾದಗಿರಿ ಲ್ಯಾಬಿನಾಗ ಪ್ರಿಂಟ್ ಹಾಕೋ ಮುಂದ 'ಮಾರಿ ಬೆಳ್ಳಗ ಮಾಡ್ಲೇನು' ಅಂತ ಕೇಳಿದ್ರು. ಬ್ಯಾಡ ಅಂದೆ. ಆ ಬಣ್ಣ ನನಗ ಭಾಳ ಚಂದ ಕಂಡಿತ್ತು. ಆದ್ರ ಫೋಟೋ ನಿಮ್ಮದು. ನಿಮ್ಮನ್ನ ಕೇಳಬೇಕಿತ್ತು. ತಪ್ಪು ನಂದು."

ಅವಳ ಕಣ್ಣು ತುಂಬಿ ಬಂತು.

"ಆ ಸಂಬಂಧ ತಪ್ಪಿದ್ದಕ್ಕ ಸಿಟ್ಟಿರಲಿಲ್ರಿ ನನಗ. ನೀವು ಕಿಟಕಿ ಹತ್ರ ನನ್ನ ಅಷ್ಟು ಮೆಲ್ಲಕ ನೋಡಿದ್ದು ಸುಳ್ಳ ಅನ್ಕೊಂಡೆ... ಅದಕ್ಕ ಉರೀತು."

ಅವನು ಕ್ಯಾಮೆರಾವನ್ನು ಮೆಲ್ಲಗೆ ಚೀಲಕ್ಕೆ ಹಾಕಿದ.

"ಮನಿಯಾಗ ಯಾರ್ಯಾರು ಅದಾರ್ರಿ?" ಅವಳೇ ಕೇಳಿದಳು.

"ನಾ ಒಬ್ಬನೇ. ನಿಮ್ಮ ಮನಿಯಾಗ?"

"ನಾನು, ಅವ್ವ. ಇಬ್ಬರೇ."

ಅವನು ಚೀಲ ಕೈಗೆತ್ತಿಕೊಂಡ. ಹೆಗಲಿಗೇರಿಸಲಿಲ್ಲ.

"ಬಸ್ಸಿಗಿ ಹೊತ್ತಾತು... ಹೋಗ್ಲೇನ್ರಿ? ಇರ್ಲೇನು?"

"ಇರ್ರಿ," ಎಂದಳು ಸಾವಿತ್ರಿ.