ಮೀಸೆ ಇಲ್ಲದ ಪೊಲೀಸ್

“ಚಿಕ್ಕಮ್ಮಾ, ಬಾಗಿಲು ಈಗ್ಲೇ ತೆಗೀಬೇಡ! ಒಂದೇ ನಿಮಿಷ!”

ಬೆಂಚಿನ ಕೆಳಗಿನಿಂದ ಹಾಗೆ ಕೂಗಿದವಳು ಗಡಿಬಿಡಿ. ಶಾಲೆಯ ಹಾಜರಿಯಲ್ಲಿ ಅವಳಿಗೆ ಬೇರೆ ಹೆಸರಿದೆ. ಆದರೆ ಆ ಹೆಸರಿನಿಂದ ಕರೆದರೆ ಅವಳೇ ತಿರುಗಿ ನೋಡುವುದಿಲ್ಲ.

ಆಗಿದ್ದಿಷ್ಟು. ಆ ಹಳೆಯ ಮನೆಯಲ್ಲಿ ಹಿಂದೆ ಒಬ್ಬರು ಡಾಕ್ಟರ್ ಇದ್ದರು. ಈಗ ಅಲ್ಲಿ ಊರಿನ ಹಳೆಯ ಫೋಟೋ, ಕಾಗದಪತ್ರಗಳನ್ನೆಲ್ಲ ಜೋಪಾನವಾಗಿ ಇಟ್ಟಿದ್ದಾರೆ. ಅದನ್ನು ನೋಡಿಕೊಳ್ಳುವವಳು ಚಿಕ್ಕಮ್ಮ. ಇವತ್ತು ಫೋಟೋ ಪ್ರದರ್ಶನ. ಪ್ರತಿ ಫೋಟೋದ ಕೆಳಗೆ ಅದರದರ ಚೀಟಿ ಅಂಟಿಸುವುದು ಗಡಿಬಿಡಿಯ ಕೆಲಸ.

“ಸರಿಯಾಗಿ ಮಾಡಿದ್ರೆ, ಮಹಡಿ ಮೇಲಿನ ಪೆಟ್ಟಿಗೆ ತೆಗೆಯುವಾಗ ನಿನ್ನನ್ನೂ ಕರೀತೀನಿ. ಗೋಂದು ಒಣಗೋ ತನಕ ಫ್ಯಾನ್ ಮಾತ್ರ ಹಾಕ್ಬೇಡ” ಎಂದಿದ್ದಳು ಚಿಕ್ಕಮ್ಮ.

ಡಾಕ್ಟರ್ ಹೋದ ಮೇಲೆ ಆ ಪೆಟ್ಟಿಗೆಯನ್ನು ಯಾರೂ ತೆಗೆದಿರಲಿಲ್ಲ. ಒಳಗೆ ಏನಿದೆಯೋ ಎಂದು ಗಡಿಬಿಡಿಗೆ ರಾತ್ರಿ ನಿದ್ದೆಯೇ ಬಂದಿರಲಿಲ್ಲ.

ಆದರೆ ಸೆಕೆ ಅಂದರೆ ಸೆಕೆ! ಒಂದೇ ಒಂದು ಸಲ ಅಂತ ಸ್ವಿಚ್ ಒತ್ತಿದಳು. ಚೀಟಿಗಳೆಲ್ಲ ಹಾರಿ ದಿಕ್ಕಾಪಾಲಾದವು. ಹೊರಗೆ ಚಿಲಕ ಸರಿಯುವ ಸದ್ದು. ಓದಿ ನೋಡಲು ಪುರುಸೊತ್ತೆಲ್ಲಿ? ಕೈಗೆ ಸಿಕ್ಕಿದ್ದನ್ನು ಸಿಕ್ಕಲ್ಲಿ ಅಂಟಿಸಿ, ಏನೂ ಅರಿಯದವಳ ಹಾಗೆ ಗೋಡೆಗೆ ಒರಗಿ ನಿಂತಳು.

ಮೊದಲು ಬಂದವರು ಟೈಲರ್ ತಾತ. ಒಂದು ಫೋಟೋದ ಮುಂದೆ ನಿಂತು ಕೆಂಪಗಾದರು.

“ಏನಮ್ಮಾ ಇದು? ನಮ್ಮಪ್ಪ ಊರಿಗೇ ಪೊಲೀಸ್ ಆಗಿದ್ದೋರು. ‘ಯಾರೆಂದು ತಿಳಿದಿಲ್ಲ’ ಅಂತ ಬರೆದಿದ್ದೀರಲ್ಲ!”

ಪಕ್ಕದ್ದು ಇನ್ನೂ ಚೆನ್ನಾಗಿತ್ತು. ಕುದುರೆಯ ಕೆಳಗೆ, “ಇಪ್ಪತ್ತು ವರ್ಷ ನಮ್ಮ ಶಾಲೆಯ ಹೆಡ್‌ಮಾಸ್ಟರ್.” ಹೆಡ್‌ಮಾಸ್ಟರ್ ಕೆಳಗೆ, “ಡಾಕ್ಟರ ಗಾಡಿ ಎಳೆಯುತ್ತಿತ್ತು. ಹುಲ್ಲಿಗಿಂತ ಬಿಸ್ಕತ್ತೇ ಇಷ್ಟ.”

ಬಂದವರು ಬಿದ್ದು ಬಿದ್ದು ನಕ್ಕರು. ಚಿಕ್ಕಮ್ಮ ನಗಲಿಲ್ಲ. ಪೆಟ್ಟಿಗೆಯ ಆಸೆ ಮಣ್ಣುಪಾಲಾಯಿತು ಎಂದು ಗಡಿಬಿಡಿಗೆ ಅಳುವೇ ಬಂತು.

“ಯಾರ್ರೀ ಇದನ್ನ ಬರೆದದ್ದು?” ಮೂಲೆಯಿಂದ ಬೇಕರಿ ಅಜ್ಜಿ ಗುಡುಗಿದಳು. ಅವಳೆದುರಿನ ಫೋಟೋದಲ್ಲಿ ಸೈಕಲ್ ಹಿಡಿದು ನಿಂತ ಒಬ್ಬ ಹೆಂಗಸು. ಕೆಳಗೆ, “ಪೊಲೀಸರು. ಇವರ ಮೀಸೆ ನೋಡಿಯೇ ಕಳ್ಳರು ಓಡುತ್ತಿದ್ದರು.”

“ನಮ್ಮಕ್ಕನಿಗೆ ಮೀಸೆ ಎಲ್ಲಿತ್ತು?”

ಚಿಕ್ಕಮ್ಮನ ಕೋಪ ಅರ್ಧಕ್ಕೇ ನಿಂತಿತು. “ಇವರು ನಿಮ್ಮಕ್ಕನಾ? ವರ್ಷದಿಂದ ಈ ಫೋಟೋ ಬಾಗಿಲ ಹತ್ರಾನೇ ಇತ್ತಲ್ಲ ಅಜ್ಜಿ! ಯಾಕೆ ಹೇಳಲಿಲ್ಲ?”

“ಗೊತ್ತಿಲ್ಲ ಅಂತ ನೀವೇ ಬರ್ಕೊಂಡಿದ್ರಿ. ಯಾರಾದ್ರೂ ಕೇಳಿದ್ರಾ? ಸುಮ್ನಿದ್ದೆ. ಆದ್ರೆ ಮೀಸೆ ಅಂದ್ರೆ ಸುಮ್ನಿರೋಕಾಗತ್ತೇನಮ್ಮಾ?”

ಅಜ್ಜಿ ಬೆಂಚಿನ ಮೇಲೆ ಕೂತು ಹೇಳತೊಡಗಿದಳು. ಡಾಕ್ಟರ್ ಕೊಟ್ಟ ಔಷಧಿಯನ್ನು ಅಕ್ಕ ಸೈಕಲ್ ಮೇಲೆ ಮನೆಮನೆಗೆ ಮುಟ್ಟಿಸುತ್ತಿದ್ದಳಂತೆ. ಸೈಕಲ್ಲಿಗೆ ಬ್ರೇಕೇ ಇರಲಿಲ್ಲವಂತೆ. ಇಳಿಜಾರು ಬಂದರೆ “ಸರೀರೀ, ಸರೀರೀ!” ಎಂದು ಕಿರುಚುತ್ತಾ ಬರುತ್ತಿದ್ದಳಂತೆ.

“ಒಂದ್ಸಲ ನಾನು ಸರಿಯೋದ್ರೊಳಗೆ ನನ್ನ ಮೇಲೇ ಹತ್ತಿಸಿದ್ಲು!” ಎಂದರು ಟೈಲರ್ ತಾತ. ಅಜ್ಜಿ ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡಳು. ಚಿಕ್ಕಮ್ಮ ಎಲ್ಲವನ್ನೂ ಒಂದು ಹೊಸ ಚೀಟಿಯಲ್ಲಿ ಬರೆದುಕೊಂಡಳು.

ಎಲ್ಲರೂ ಹೋದ ಮೇಲೆ ಗಡಿಬಿಡಿ ತಲೆ ತಗ್ಗಿಸಿ ಬಂದಳು.

“ಚಿಕ್ಕಮ್ಮ, ಫ್ಯಾನ್ ಹಾಕಿದ್ದು ನಾನೇ.”

“ಗೊತ್ತು. ಕುದುರೆಯಂತೂ ಹಾಕಿರಲ್ಲ. ಎಲ್ಲಾ ಕಿತ್ತು ಸರಿಯಾಗಿ ಅಂಟಿಸು.”

ಗಡಿಬಿಡಿ ಒಂದೊಂದನ್ನೂ ಎರಡೆರಡು ಸಲ ಓದಿ ಅಂಟಿಸಿದಳು. ಕೊನೆಗೆ ಉಳಿದದ್ದು ಒಂದು ಬೋಳುತಲೆಯ ಪಾಪುವಿನ ಫೋಟೋ. ಅದರ ಚೀಟಿಯಲ್ಲೂ “ಯಾರೆಂದು ತಿಳಿದಿಲ್ಲ” ಎಂದೇ ಇತ್ತು. ಅದನ್ನು ಅಂಟಿಸಲು ಹೋದವಳು ಕೈ ಹಿಂದೆಗೆದಳು. ಆಮೇಲೆ ಚೀಟಿ ತಿರುಗಿಸಿ, ಹಿಂದೆ ಬರೆದಳು: “ಈ ಪಾಪು ಯಾರು? ನಿಮಗೆ ಗೊತ್ತಾ?” ಅದನ್ನು ಅಂಟಿಸಿ, ಪಕ್ಕದಲ್ಲಿ ದಾರ ಕಟ್ಟಿ ಒಂದು ಪೆನ್ಸಿಲ್ ತೂಗುಹಾಕಿದಳು.

ಚಿಕ್ಕಮ್ಮ ಬಂದು ಓದಿದಳು. ಪೆಟ್ಟಿಗೆಯ ಬೀಗದ ಕೈ ತಂದು ಬೆಂಚಿನ ಮೇಲಿಟ್ಟಳು.

ಗಡಿಬಿಡಿಯ ಮೂಗಿನ ತುದಿಯಲ್ಲಿ ಬೆವರು ತೊಟ್ಟಿಕ್ಕುತ್ತಿತ್ತು. ಫ್ಯಾನಿನ ಸ್ವಿಚ್ ಕೈಗೆಟಕುವಷ್ಟು ಹತ್ತಿರವಿತ್ತು, ಬೀಗದ ಕೈ ಇನ್ನೂ ಹತ್ತಿರವಿತ್ತು.

“ಇರು ಚಿಕ್ಕಮ್ಮ, ಗೋಂದು ಒಣಗಲಿ” ಎಂದು ಅವಳು ಎರಡೂ ಕೈಗಳ ಮೇಲೆ ಕೂತುಕೊಂಡಳು.