ಬಾಲದಲ್ಲಿದ್ದ ಎರಡು ಗುರುತು

ದೊಡ್ಡ ಮೀನು ಹಿಡಿದವನ ಹಾಗೆ ನಡೆಯುವುದನ್ನು ಕಲಿಯಲು ಅವನಿಗೆ ಎರಡು ದಿನ ಬೇಕಾಯಿತು. ಎದೆ ಸ್ವಲ್ಪ ಮುಂದೆ, ಕೈಗಳು ಮೈಯಿಂದ ಒಂದಿಷ್ಟು ದೂರ, ಯಾರಾದರೂ ಕೂಗಿದರೆ ಥಟ್ಟನೆ ತಿರುಗದೆ ನಿಧಾನಕ್ಕೆ ತಿರುಗುವುದು. ಮೂರನೆಯ ದಿನ ಆ ನಡಿಗೆ ಅವನಿಗೇ ಹೇಸಿಗೆಯಾಯಿತು. ಅಷ್ಟರಲ್ಲಿ ಊರೆಲ್ಲ ಅದನ್ನು ನೋಡಿಬಿಟ್ಟಿತ್ತು, ಬಿಡುವ ಹಾಗೂ ಇರಲಿಲ್ಲ.

ಅವನು ಬಂದರು ರಸ್ತೆಯ ಸೆಲೂನಿನವನು. ಊರವರ ಬಾಯಲ್ಲಿ ಅವನ ಹೆಸರು ಕತ್ತರಿ.

ಮಳೆ ನಿಂತು, ರಸ್ತೆ ಬದಿಯ ಮರಗಳು ಹಳದಿಗೆ ತಿರುಗಿ, ಬಿಸಿಲಿಗೆ ಸಿಟ್ಟು ಇಳಿಯುವ ಹೊತ್ತಿಗೆ ಆ ಊರಿನ ದಡಕ್ಕೆ ಬಂಡೆಮೀನುಗಳು ಬರುತ್ತವೆ. ಶರತ್ಕಾಲದ ಆ ಆರು ವಾರ ಯಾರೂ ಮನೆಯೊಳಗೆ ಕೂರುವುದಿಲ್ಲ. ಮೇಷ್ಟ್ರು, ಡಾಕ್ಟ್ರು, ಪೋಸ್ಟ್‌ಮ್ಯಾನ್ ಎಲ್ಲರೂ ತಣ್ಣನೆಯ ಗಾಳಿಗೆ ಮುಖ ಕೊಟ್ಟು, ಬಂಡೆಗಳ ಮೇಲೆ ಗಾಳ ಹಿಡಿದು ಕೂತಿರುತ್ತಾರೆ. ಆಮೇಲೆ ಕತ್ತರಿಯ ಕುರ್ಚಿಗೆ ಬಂದು ತಪ್ಪಿಸಿಕೊಂಡು ಹೋದ ಮೀನಿನ ಉದ್ದ ಹೇಳುತ್ತಾರೆ. ಬಿಳಿ ಬಟ್ಟೆಯೊಳಗೆ ಕೈ ಸಿಕ್ಕಿಕೊಂಡಿರುವುದರಿಂದ ಉದ್ದವನ್ನು ಬಾಯಲ್ಲೇ ಹೇಳಬೇಕು. ಹಾಗಾಗಿ ಮೀನು ಇನ್ನಷ್ಟು ಬೆಳೆಯುತ್ತದೆ. ಕತ್ತರಿ ಮಾತ್ರ ಹುಟ್ಟಿದಾಗಿನಿಂದ ಒಂದು ಮೀನೂ ಹಿಡಿದವನಲ್ಲ. ಒಮ್ಮೆ ಹಿಡಿಯಲು ಹೋಗಿ ತನ್ನ ಕಿವಿಗೇ ಗಾಳ ಸಿಕ್ಕಿಸಿಕೊಂಡಿದ್ದು ಊರಿಗೆಲ್ಲ ಬಾಯಿಪಾಠ.

ಹದಿನೈದು ದಿನಕ್ಕೊಮ್ಮೆ, ಗುರುವಾರ, ಮೀನು ಮಾರುವವಳು ತನ್ನ ಕತ್ತರಿಯನ್ನು ಸಾಣೆಗೆ ತರುತ್ತಿದ್ದಳು. ಎರಡು ವರ್ಷದಿಂದ ಆ ಗುರುವಾರಗಳಲ್ಲಿ ಅವನು ಅಂಗಡಿಯನ್ನು ಎರಡು ಸಲ ಗುಡಿಸುತ್ತಿದ್ದ.

"ಈ ಊರಲ್ಲಿ ಮೀನು ಹಿಡಿಯದ ಗಂಡಸು ಅಂದ್ರೆ ನೀವೊಬ್ರೇ ನೋಡಿ," ಎಂದು ಒಂದು ಸಲ ನಕ್ಕಿದ್ದಳು. ನಗುತ್ತಲೇ ಅವಳ ಕಣ್ಣು ಕನ್ನಡಿಯಲ್ಲಿ ಅವನ ಕಣ್ಣನ್ನು ಹುಡುಕಿತು. ಸಿಕ್ಕ ಕೂಡಲೇ ಬಾಚಣಿಗೆಗಳ ಕಡೆ ಹೊರಳಿತು. ದಡ್ಡ, ಅವನು ಆ ನೋಟವನ್ನು ಬಿಟ್ಟು ಮಾತನ್ನಷ್ಟೇ ಎತ್ತಿಟ್ಟುಕೊಂಡ.

ಇದರ ಜೊತೆಗೆ ಅವಳ ಅಪ್ಪ ಬೇರೆ. ಬಂದರಿನಲ್ಲಿ ಮೂವತ್ತು ವರ್ಷ ದೋಣಿ ದಾಟಿಸಿದವರು, ಊರಿಗೆಲ್ಲ ಕ್ಯಾಪ್ಟನ್. ಶನಿವಾರ ಶೇವಿಂಗ್‌ಗೆ ಬಂದಾಗಲೆಲ್ಲ ಅವರದು ಒಂದೇ ತಮಾಷೆ: "ಒಂದು ಮೀನು ಹಿಡ್ಕೊಂಡು ಬಾರಯ್ಯ, ಅವತ್ತು ನಮ್ಮನೇಲೇ ಊಟ."

ಆ ಊಟಕ್ಕಾಗಿ ಅವನು ಮಾಡಿದ್ದನ್ನು ಹೇಳುವುದಕ್ಕೂ ನಾಚಿಕೆ. ಭಾನುವಾರ ಮೊದಲ ಬಸ್ಸಿಗೆ ಪಕ್ಕದೂರಿಗೆ ಹೋದ. ಇಲ್ಲಿ ಕೊಂಡರೆ ಸುದ್ದಿಯಾಗುತ್ತದಲ್ಲ! ಅಲ್ಲಿನ ಮಾರ್ಕೆಟ್ಟಿನಲ್ಲಿ ಇದ್ದುದರಲ್ಲೇ ದೊಡ್ಡ ಬಂಡೆಮೀನು ಕೊಂಡ. ಒಂದು ಸ್ಟಾಪ್ ಮುಂಚೆಯೇ ಇಳಿದು, ಗಾಳದ ಕೋಲು ಹೆಗಲಿಗೇರಿಸಿ, ಬಂಡೆಗಳ ದಾರಿಯಲ್ಲಿ ನಡೆದು ಬಂದ. ಕ್ಯಾಪ್ಟನ್ ಮನೆಯಲ್ಲಿ ಮಾತ್ರ ತೋರಿಸಬೇಕೆಂದಿದ್ದ. ಆದರೆ ಬಂದರು ರಸ್ತೆಯ ಗಾಳದಂಗಡಿಯವನು ತನ್ನ ಬಾಗಿಲಲ್ಲೇ ನಿಂತಿದ್ದ.

"ಅಬ್ಬಾ! ಬಂಡೆ ಹತ್ರ ಸಿಕ್ತೇನೋ ಇದು?"

"ಹ್ಞೂಂ."

ಅಷ್ಟೇ, ಒಂದು ಹ್ಞೂಂ. ಮೀನು ತಕ್ಕಡಿಗೆ ಏರಿತು. ಅಂಗಡಿಯ ಗೋಡೆಯಲ್ಲಿ, ಎಲ್ಲಕ್ಕಿಂತ ಮೇಲಿನ ಮೊಳೆಗೆ, ಹನ್ನೊಂದು ವರ್ಷದಿಂದ ಕ್ಯಾಪ್ಟನ್ ಹಿಡಿದ ಮೀನಿನ ಫೋಟೊ ತೂಗುತ್ತಿತ್ತು. ಇದು ಅದಕ್ಕಿಂತ ಅರ್ಧ ಕಿಲೋ ಹೆಚ್ಚು ತೂಗಿತು. ಜನ ಸೇರಿದರು, ಬೆನ್ನು ತಟ್ಟಿದರು, ಕತ್ತರಿ ಮೀನೆತ್ತಿ ನಿಂತ ಫೋಟೊ ಹೊಡೆದರು. ಸಂಜೆಯೊಳಗೆ ಹಳೆಯದು ಇಳಿದು, ಹೊಸದು ಮೊಳೆಗೆ ಏರಿತು. ಬರುವ ಭಾನುವಾರ, ಋತು ಮುಗಿಯುವ ದಿನ, ಫೋಟೊದ ಕೆಳಗಿನ ಹಲಗೆಯಲ್ಲಿ ಅವನ ಹೆಸರು ಬಣ್ಣದಲ್ಲಿ ಬರೆಸುವುದೆಂದು ಮಾತಾಯಿತು.

ಅದೇ ಸಂಜೆ ಕ್ಯಾಪ್ಟನ್ ಮನೆಯಲ್ಲಿ ಊಟ. ಬಾಗಿಲು ದಾಟುತ್ತಲೇ ಶೆಲ್ಫಿನ ಮೇಲೆ ಇಳಿಸಿ ತಂದ ಫೋಟೊ ಕಂಡಿತು. ಅಂಗಡಿಯಲ್ಲಿ ಅಷ್ಟೆತ್ತರದಲ್ಲಿ ಧೂಳು ಹಿಡಿದಿದ್ದಾಗ ಅವನು ಅದನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಮೀನಿನ ತಲೆ ಹಿಡಿದವರು ಕ್ಯಾಪ್ಟನ್. ಬಾಲ ಹಿಡಿದು, ಗಾಳಿಗೆ ಹಾರುವ ಕೂದಲನ್ನು ಇನ್ನೊಂದು ಕೈಯಲ್ಲಿ ಒತ್ತಿಕೊಂಡು ನಗುತ್ತಿದ್ದವರು ಅವರ ಹೆಂಡತಿ. ಆ ಫೋಟೊ ತೆಗೆದ ಮುಂದಿನ ವರ್ಷವೇ ತೀರಿಕೊಂಡವರು.

"ಹನ್ನೊಂದು ವರ್ಷ ಅಲ್ಲಿ ನಿಂತು ನಿಂತು ಇವಳಿಗೂ ಕಾಲು ನೋವು ಬಂದಿರ್ಬೇಕು," ಎಂದರು ಕ್ಯಾಪ್ಟನ್, ಗಾಜನ್ನು ತೋಳಿನಿಂದ ಒರೆಸುತ್ತ. "ಮನೆಗೆ ಬಂದ್ಲು, ಒಳ್ಳೇದಾಯ್ತು ಬಿಡು. ಸೋತ್ರೆ ನಿನ್ನಂಥ ಸಾಧು ಮನುಷ್ಯನ ಕೈಲಿ ಸೋಲ್ಬೇಕು ಕಣಯ್ಯ."

ಊಟಕ್ಕೆ ಕೂತ ಕತ್ತರಿಗೆ ಎದ್ದು ಓಡೋಣವೆನ್ನಿಸಿತು, ಓಡಲಿಲ್ಲ. ಅವಳು ಬಡಿಸಿದಳು, ಅವನ ಕಡೆ ನೋಡಲಿಲ್ಲ. ತಲೆಯಿಂದ ಹಿಡಿದು ಎಲ್ಲ ತುಂಡುಗಳೂ ತಟ್ಟೆಗೆ ಬಂದವು, ಬಾಲ ಬರಲಿಲ್ಲ.

"ಬಾಲ ಎಲ್ಲಮ್ಮ?" ಎಂದರು ಕ್ಯಾಪ್ಟನ್.

"ಬೆಕ್ಕಿಗೆ ಹಾಕ್ದೆ."

ಗುರುವಾರ ಅವಳು ಸೆಲೂನಿಗೆ ಬಂದಾಗ ಬೇರೆ ಗಿರಾಕಿ ಇರಲಿಲ್ಲ. ಅವನು ಎದೆ ಮುಂದೆ ಮಾಡಲು ಹೋಗಿ ಅರ್ಧಕ್ಕೇ ನಿಲ್ಲಿಸಿದ. ಅವಳು ಕತ್ತರಿ ಕೊಡಲಿಲ್ಲ. ಚೀಲದಿಂದ ಒಂದು ಕಾಗದದ ಪೊಟ್ಟಣ ತೆಗೆದು ಕನ್ನಡಿಯ ಮುಂದಿಟ್ಟು, "ಬಿಚ್ಚಿ," ಎಂದಳು.

ಉಪ್ಪು ಹಚ್ಚಿ ಒಣಗಿಸಿದ ಮೀನಿನ ಬಾಲ. ಮೇಲಿನ ತುದಿಯಲ್ಲಿ ಒತ್ತೊತ್ತಾಗಿ ಎರಡು ಸಣ್ಣ ಕಚ್ಚು.

"ಐಸ್‌ಮನೇಲಿ ಐದು ಜನ ಒಂದೇ ಪೆಟ್ಟಿಗೇಲಿ ಮೀನಿಡ್ತೀವಿ. ಯಾರದ್ದು ಯಾವುದು ಅಂತ ಗೊತ್ತಾಗ್ಲಿ ಅಂತ ಬಾಲಕ್ಕೆ ಗುರುತು ಹಾಕೋದು. ಎರಡು ಕಚ್ಚು ನಂದು." ಅವಳ ದನಿ ಸಣ್ಣಗಿತ್ತು. "ಶನಿವಾರ ಮಿಕ್ಕಿದ್ದನ್ನ ವ್ಯಾನಲ್ಲಿ ಪಕ್ಕದೂರಿಗೆ ಕಳಿಸ್ದೆ. ಭಾನುವಾರ ಸಂಜೆ ಅದೇ ಮೀನು ನಮ್ಮನೆ ಅಡುಗೆಮನೆಗೆ ವಾಪಸ್ ಬಂತು."

ನೆಲ ಬಾಯಿ ಬಿಟ್ಟು ನುಂಗಬಾರದೇ ಎನ್ನಿಸಿತು ಅವನಿಗೆ. ಮುಖ ಎಲ್ಲಿ ಇಟ್ಟುಕೊಳ್ಳುವುದು? ಸೆಲೂನಿನಲ್ಲಿ ಮೂರು ಗೋಡೆಗೂ ಕನ್ನಡಿ. ಯಾವ ಕಡೆ ತಿರುಗಿದರೂ ಕಿವಿಯವರೆಗೆ ಕೆಂಪಾದ ಅದೇ ಮುಖ.

"ಎಷ್ಟು ನೀಟಾಗಿ ಕತ್ತರಿಸಿದೆ ನೋಡು," ಎಂದಳು. "ಸಾಣೆ ಹಿಡಿದಿದ್ದು ನೀನೇ."

ಅವಳ ಬಾಯಲ್ಲಿ 'ನೀನು' ಕೇಳಬೇಕೆಂದು ಎರಡು ವರ್ಷ ಕಾದಿದ್ದ. ಕೇಳಿದ್ದು ಹೀಗೆ.

"ಅಪ್ಪಂಗೆ...?"

"ಗೊತ್ತಿಲ್ಲ. ಬೆಕ್ಕಿಗೆ ಹಾಕ್ದೆ ಅಂದೆನಲ್ಲ. ನಮ್ಮನೇಲಿ ಬೆಕ್ಕೇ ಇಲ್ಲ. ಅಪ್ಪ ಅದನ್ನೂ ಗಮನಿಸ್ಲಿಲ್ಲ, ನಿನ್ನ ಹೊಗಳೋದ್ರಲ್ಲೇ ಮುಳುಗಿದ್ರು." ಅವಳ ಕಣ್ಣಲ್ಲಿ ನೀರಾಡಿತು. "ದಿನಾ ಮೀನು ಮಾರೋಕೆ ಹೋಗುವಾಗ ಗಾಳದಂಗಡೀಲಿ ಅಮ್ಮನ್ನ ನೋಡಿ ಹೋಗ್ತಿದ್ದೆ. ಈಗ ನೀನು ಇದ್ದೀಯ ಅಲ್ಲಿ. ಹೋಗ್ಲಿ, ನಾನು ಯಾರಿಗೂ ಹೇಳಲ್ಲ. ಅದು ನನ್ನ ಕೆಲಸ ಅಲ್ಲ."

ಕತ್ತರಿಗೆ ಸಾಣೆ ಹಿಡಿಸದೆಯೇ ಹೊರಟುಹೋದಳು. ಬಾಲ ಅಲ್ಲೇ ಉಳಿಯಿತು.

ಶುಕ್ರವಾರ ಅವನು ಇಬ್ಬರಿಗೆ ಕಿವಿಯ ಹತ್ತಿರ ಗಾಯ ಮಾಡಿದ. ಶನಿವಾರ ಬೆಳಿಗ್ಗೆ ಕ್ಯಾಪ್ಟನ್ ಎಂದಿನಂತೆ ಬಂದು, ಕುರ್ಚಿಗೆ ಒರಗಿ, ಕಣ್ಣು ಮುಚ್ಚಿ ಗಲ್ಲ ಎತ್ತಿದರು. ಅಷ್ಟು ನಂಬಿಕೆಯಿಂದ ಯಾರಾದರೂ ಕತ್ತು ಕೊಟ್ಟರೆ ಸುಳ್ಳು ಇಟ್ಟುಕೊಳ್ಳುವುದಾದರೂ ಹೇಗೆ? ಬಲಗೆನ್ನೆ ಮುಗಿಸಿದ. ಎಡಗೆನ್ನೆಗೆ ಬರುವಾಗ ಕತ್ತಿಯನ್ನು ಕೆಳಗಿಟ್ಟ.

"ಕ್ಯಾಪ್ಟನ್, ಆ ಮೀನು ನಾನು ಹಿಡಿದಿದ್ದಲ್ಲ. ಪಕ್ಕದೂರಲ್ಲಿ ಕೊಂಡಿದ್ದು. ನಿಮ್ಮನೆ ಊಟಕ್ಕೆ ಬರೋ ಆಸೆಗೆ ಕೊಂಡೆ. ನಿಮ್ಮ ಫೋಟೊ ಇಳಿಸ್ತಾರೆ ಅಂತ ಗೊತ್ತಿರ್ಲಿಲ್ಲ. ಇಳಿಸುವಾಗ ಗೊತ್ತಾಯ್ತು, ಆಗ್ಲೂ ಬಾಯಿ ಬಿಡ್ಲಿಲ್ಲ."

ಕ್ಯಾಪ್ಟನ್ ಕಣ್ಣು ತೆರೆದರು. ಬಿಳಿ ಬಟ್ಟೆಯ ಗಂಟನ್ನು ತಾವೇ ಬಿಚ್ಚಿ, ಎಡಗೆನ್ನೆಯ ನೊರೆಯನ್ನು ಅದರಿಂದಲೇ ಒರೆಸಿಕೊಂಡರು.

"ನನ್ನ ಕಿವೀಲಿ ಹೇಳಿದ್ರೆ ಆಯ್ತಾ? ಮೊಳೆ ಇರೋದು ಅಲ್ಲಿ," ಎಂದು ಗಾಳದಂಗಡಿಯ ಕಡೆ ಗಲ್ಲದಿಂದಲೇ ತೋರಿಸಿ, ಎದ್ದು ನಡೆದರು.

ಒಂದು ಕೆನ್ನೆ ನುಣ್ಣಗೆ, ಇನ್ನೊಂದರಲ್ಲಿ ವಾರದ ಬಿಳಿ ಗಡ್ಡ. ಹಾಗೇ ಬಂದರು ರಸ್ತೆಯುದ್ದಕ್ಕೂ ಹೋದರು. "ಏನ್ ಕ್ಯಾಪ್ಟನ್ ಇದು?" ಎಂದು ಕೇಳಿದವರಿಗೆಲ್ಲ, "ಕತ್ತರಿಗೆ ತಲೆನೋವು ಕಣಪ್ಪ," ಎಂದರು. ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಕತ್ತರಿಗೆ, ಅವರು ಬೈದಿದ್ದರೇ ಎಷ್ಟೋ ವಾಸಿ ಅನ್ನಿಸಿತು.

ಭಾನುವಾರ ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ. ನಾಚಿಕೆಯಿಂದ ಸಾಯುವುದಕ್ಕೆ ತಕ್ಕ ದಿನವಲ್ಲ ಅದು. ಅಂಗಡಿಯ ಮುಂದೆ ಊರೇ ನೆರೆದಿತ್ತು. ಪೇಂಟರ್ ಬ್ರಷ್ ಅದ್ದಿ ನಿಂತು, "ಏನಂತ ಬರೀಲಿ? ಬರೀ ಕತ್ತರಿ ಅಂತಾನಾ?" ಎಂದ.

"ಏನೂ ಬರೀಬೇಡಿ," ಎಂದ ಅವನು. ದನಿ ಏಳಲಿಲ್ಲ. ಇನ್ನೊಮ್ಮೆ ಜೋರಾಗಿ ಹೇಳಿದ. "ಏನೂ ಬರೀಬೇಡಿ. ಅದು ಮಾರ್ಕೆಟ್ಟಲ್ಲಿ ಕೊಂಡ ಮೀನು. ನಾನು ಸುಳ್ಳು ಹೇಳ್ದೆ."

ಮೊದಲು ತಮಾಷೆಯೆಂದು ನಕ್ಕರು. ಅವನ ಮುಖ ನೋಡಿ ನಗು ನಿಂತಿತು. ಮೇಷ್ಟ್ರು ತಲೆ ತಗ್ಗಿಸಿದರು, ತಾವೇ ಸಿಕ್ಕಿಬಿದ್ದ ಹಾಗೆ. ಬೆನ್ನು ತಟ್ಟಿದ್ದ ಡಾಕ್ಟ್ರು ಕೈಯನ್ನು ಜೇಬಿಗೆ ಹಾಕಿಕೊಂಡರು. ಕೊನೆಗೆ ಪೋಸ್ಟ್‌ಮ್ಯಾನ್ ಹಿಂದಿನಿಂದ, "ಬಸ್ಸಲ್ಲಿ ಮೀನಿಗೂ ಟಿಕೆಟ್ ತಗೊಂಡ್ಯೇನೋ?" ಎಂದ. ಆಮೇಲೆ ಕೇಳಬೇಕೇ! ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಈ ಮಾತನ್ನು ಸಾಯುವವರೆಗೂ ಕೇಳಬೇಕೆಂದು ಅವನಿಗೆ ಅರ್ಥವಾಯಿತು. ತಲೆ ಬಗ್ಗಿಸಿ ನಿಂತೇ ಇದ್ದ.

ಜನರ ನಡುವೆ ದಾರಿ ಮಾಡಿಕೊಂಡು ಕ್ಯಾಪ್ಟನ್ ಬಂದರು, ಇನ್ನೂ ಅದೇ ಅರ್ಧ ಗಡ್ಡದಲ್ಲಿ. ಕಂಕುಳಲ್ಲಿ ಹಳೆಯ ಫೋಟೊ ಇತ್ತು. ಇವನು ಹೇಳುತ್ತಾನೆಂದು ನಂಬಿ, ಮನೆಯಿಂದಲೇ ತಂದಿದ್ದರು.

"ಮೊಳೆ ಎತ್ತರ, ನನ್ನ ಮಂಡಿ ಕೇಳಲ್ಲ. ನೀನೇ ಹಾಕು."

ಅವನು ಸ್ಟೂಲು ಹತ್ತಿ ತನ್ನ ಫೋಟೊ ಇಳಿಸಿದ, ಹಳೆಯದನ್ನು ಮೊಳೆಗೆ ಹಾಕಿದ. ಬಾಲ ಹಿಡಿದು ನಗುತ್ತಿದ್ದ ಹೆಂಗಸಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, "ತಪ್ಪಾಯ್ತಮ್ಮ," ಎಂದ. ಕೆಳಗಿಳಿದರೆ, ಕ್ಯಾಪ್ಟನ್ ಅಂಗಡಿಯ ಬೆಂಚಿನ ಮೇಲೆ ಗಲ್ಲ ಎತ್ತಿ ಕೂತಿದ್ದರು.

"ಏನ್ ನೋಡ್ತೀಯ? ಇನ್ನರ್ಧ ಯಾರು ನಿಮ್ಮಪ್ಪ ಬಂದು ಮಾಡ್ತಾನಾ? ಹೋಗಿ ಸಾಮಾನು ತಗೊಂಡ್ ಬಾ."

ಊರೆದುರಿಗೇ ಎಡಗೆನ್ನೆ ಮುಗಿಸಿದ. ಈ ಸಲ ಕತ್ತಿ ಕೆಳಗಿಡಲಿಲ್ಲ, ಕಣ್ಣು ಮಾತ್ರ ಮಂಜಾಗುತ್ತಿತ್ತು.

ಇಳಿಸಿಟ್ಟ ತನ್ನ ಫೋಟೊ ಹರಿದು ಹಾಕೋಣವೆಂದು ಹುಡುಕಿದ, ಸಿಗಲಿಲ್ಲ. ಮಧ್ಯಾಹ್ನ ಬಂಡೆಗಳ ಕಡೆ ಒಬ್ಬನೇ ನಡೆದ. ಕೊನೆಯ ಬಂಡೆಯ ಮೇಲೆ ಅವಳು ಕೂತಿದ್ದಳು, ಮಡಿಲಲ್ಲಿ ಫೋಟೊ.

ಹತ್ತಿರ ಹೋಗಲು ಮುಖವಿರಲಿಲ್ಲ. ನಾಲ್ಕು ಹೆಜ್ಜೆ ದೂರ ನಿಂತ.

"ಯಾಕೆ ಮಾಡ್ದೆ?" ಎಂದಳು, ಸಮುದ್ರ ನೋಡುತ್ತ.

"ನೀವೇ ಅಂದ್ರಲ್ಲ, ಮೀನು ಹಿಡಿಯದ ಗಂಡಸು ನಾನೊಬ್ನೇ ಅಂತ. ನಕ್ಕುಬಿಟ್ರಿ."

ಅವಳು ಥಟ್ಟನೆ ತಿರುಗಿದಳು. "ಅಯ್ಯೋ ಪೆದ್ದೇ! ದಿನವೆಲ್ಲ ಮೀನು ಕೊಯ್ದು, ಮೀನು ತೂಗಿ, ಬಂದೋರ ಮೀನಿನ ಕಥೆ ಕೇಳಿ ತಲೆ ಚಿಟ್ಟು ಹಿಡಿದಿರತ್ತೆ ನಂಗೆ. ಮೀನಿನ ಮಾತೇ ಆಡದ ಗಂಡಸು ಒಬ್ನಾದ್ರೂ ಇದ್ದಾನಲ್ಲ ಅಂತ ಖುಷಿಗೆ ನಕ್ಕಿದ್ದು ಅದು. ಹದಿನೈದು ದಿನಕ್ಕೆಲ್ಲ ಕತ್ತರಿ ಮೊಂಡಾಗತ್ತೇನೋ? ಮನೆ ಹಿಂದಿನ ಕಲ್ಲಿಗೆ ಉಜ್ಜಿ ಉಜ್ಜಿ ಮೊಂಡು ಮಾಡ್ಕೊಂಡು ಬರ್ತಿದ್ದೆ."

ಅವನಿಗೆ ಮತ್ತೆ ನಾಚಿಕೆಯಾಯಿತು. ಇದು ಬೇರೆ ನಾಚಿಕೆ, ಆದರೂ ಹಳೆಯದರ ಪಕ್ಕದಲ್ಲೇ ಬಂದು ಕೂತಿತು. ಎರಡು ವರ್ಷ ತಾನು ಗುಡಿಸಿದ ಅಂಗಡಿ, ಅವಳು ಉಜ್ಜಿದ ಕಲ್ಲು! ನಡುವೆ ಒಂದು ಮೀನು ಬೇಕಾಗಿಯೇ ಇರಲಿಲ್ಲ.

"ಆ ಫೋಟೊ ಕೊಡಿ, ಹರಿದು ಹಾಕ್ತೀನಿ," ಎಂದ.

"ಕೊಡಲ್ಲ. ಮೀನು ನಂದು. ಬಾಲದಲ್ಲಿ ಗುರುತಿದೆ. ಮೀನು ನಂದು ಅಂದ್ಮೇಲೆ ಫೋಟೊನೂ ನಂದೇ."

"ಅದರಲ್ಲಿ ನಾನೂ ಇದ್ದೀನಲ್ಲ."

ಅವಳು ಫೋಟೊ ನೋಡಿದಳು, ಅವನನ್ನು ನೋಡಿದಳು. ಈ ಸಲ ಅವಳ ಕಣ್ಣು ಎಲ್ಲೂ ಹೊರಳಲಿಲ್ಲ. ಬಂಡೆಯ ಮೇಲೆ ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿದಳು.

"ಇರ್ಲಿ ಬಿಡು," ಎಂದಳು. "ಬಾ, ಕೂತ್ಕೋ."